ಕೌಸಲ್ಯಮ್ಮನ ತಿಥಿಗೆ ಹಾಕಿದ ಎಲೆ

ತ್ರಿಪ್ಲಿಕೇನ್, ಮದ್ರಾಸು
೧೪ ಆಗಸ್ಟ್ ೨೦೦೩

ನನ್ನ ಮುದ್ದು ಮೂದೇವಿ ಪಾವನಾಗೆ,

ಅಜ್ಜಿ ಸಣ್ಣಮ್ಮನ ಆಶೀರ್ವಾದ. ನಾನೂ ಇದೀನಿ, ನನ್ನ ಮಂಡಿನೋವೂ ಇದೆ, ಇಬ್ಬರೂ ಜೊತೆಗೇ ಇದೀವಿ. ಬರೆಯೋದು ತಡವಾಯಿತು, ಬೇಜಾರು ಮಾಡ್ಕೋಬೇಡ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಒಂದು ಒತ್ತಕ್ಷರ ನೆನಪು ಮಾಡಿಕೊಳ್ಳೋದರಲ್ಲಿ ಒಲೆ ಮೇಲಿನ ಸಾರು ಉಕ್ಕಿಹೋಗುತ್ತೆ. ಅಡ್ಯಾರಿಗೇ ಬಂದು ಬೈಯೋಣ ಅಂದರೆ ನಿನ್ನ ಹಾಸ್ಟೆಲ್ಲಿನ ಮೆಟ್ಟಿಲು ಹತ್ತೋಕಾಗಲ್ಲ. ಫೋನ್ ಮಾಡಿದರೆ ತಮಿಳಿನಲ್ಲಿ ಪಟಪಟ ಅಂದು ಇಟ್ಟುಬಿಡ್ತೀಯ. ಕನ್ನಡ ಅಕ್ಷರ ತಿದ್ದಿಸಿದವಳು ನಾನು, ತಡವರಿಸಿಯಾದರೂ ಪೂರ್ತಿ ಓದು.

ನಿನ್ನಮ್ಮ ನಂಜಮಣಿ ಚೆನ್ನಾಗಿದಾಳೆ ಅಂತ ಬರೆದರೆ ಸುಳ್ಳಾಗುತ್ತೆ. ದಿನಾ ರಾಯಪುರಂಗೆ ಹೋಗಿ ಸೀಗಡಿ ಸುಲೀತಾಳೆ. ಐಸಿನಲ್ಲಿ ಕೈಯಿಟ್ಟು ಬೆರಳ ಸಂದಿಯೆಲ್ಲ ಹುಣ್ಣು. ಎರಡು ದಿನ ರಜಾ ಹಾಕೇ ಅಂದರೆ, 'ಸುಮ್ನಿರವ್ವಾ, ನನ್ನ ಜಾಗಕ್ಕೆ ಹೊರಗೆ ಹತ್ತು ಜನ ನಿಂತಿದಾರೆ' ಅಂತಾಳೆ.

ಇರಲಿ. ಹೋದ ವಾರ, ನಾನು ಪಾತ್ರೆ ಬೆಳಗೋ ಮನೆಯ ಯಜಮಾನಿ ಕೌಸಲ್ಯಮ್ಮನ ತಿಥಿ ಆಯಿತು. ಆಯಮ್ಮನ ಉಯಿಲಿನಲ್ಲಿ ಏನಿದೆ ಅಂತ ನೀನು ಮರೆತಿದ್ದರೆ ಮತ್ತೆ ಹೇಳ್ತೀನಿ, ಕೇಳು. ಬಾಡಿಗೆಗೆ ಕೊಟ್ಟಿದ್ದ ತನ್ನ ಮೈಲಾಪುರದ ಮನೆ ಮಾರಿ, ಯೂನಿವರ್ಸಿಟಿಯಲ್ಲಿ ಓದೋ ಬಡ ಹುಡುಗಿಯರಿಗೆ ಸ್ಕಾಲರ್‌ಶಿಪ್ ಕೊಡಬೇಕು. ತಿಥಿಯ ದಿನ ಜಾತಿ ಕೇಳದೆ ಆ ಹುಡುಗಿಯರನ್ನೇ, ತಾನಿದ್ದ ಮನೆಯ ನಡುಮನೆಯಲ್ಲಿ ಕೂರಿಸಿ ಎಲೆ ಹಾಕಬೇಕು. ಅವಳ ಅಣ್ಣನ ಮಗ ಕಿಟ್ಟು ಗೊಣಗಿಕೊಂಡೇ ಎಲ್ಲ ಮಾಡಿದ. ಅವನ ಹೆಂಡತಿ ಶ್ರೀವಿದ್ಯಾ ಬಡಿಸಿದಳು. ಎಲ್ಲರೂ ಕೂತರು, ನಿನ್ನ ಎಲೆ ಮಾತ್ರ ಖಾಲಿ. ಹಾಕಿದ ಎಲೆ ಎತ್ತಬಾರದು ಅಂತ ಅದಕ್ಕೂ ಬಡಿಸಿದರು. 'ಸಣ್ಣಮ್ಮಾ, ನೀನಾದರೂ ಬಂದು ಕೂತ್ಕೋ' ಅಂದ ಕಿಟ್ಟು. ಇಷ್ಟು ವರ್ಷ ಹಿತ್ತಿಲಲ್ಲೇ ಇದ್ದವಳು, ಈಗ ಒಳಗೆ ಬಂದರೆ ದಾರಿ ತಪ್ಪುತ್ತೆ ಅಂದೆ. ಕೊನೆಗೆ ಬೀದಿ ಹಸು ನಿನ್ನ ಪಾಯಸ ತಿಂದಿತು. ಈ ವರ್ಷ ನಮ್ಮ ಮನೆ ಕಡೆಯಿಂದ ಸ್ಕಾಲರ್‌ಶಿಪ್ ಪಡೆದದ್ದು ಅದೇ.

ಆಮೇಲೆ ಕಿಟ್ಟು ಹಿತ್ತಿಲಿಗೆ ಬಂದು ಹೇಳಿದ. 'ನಿನ್ನ ಮೊಮ್ಮಗಳು ಎರಡನೇ ವರ್ಷಕ್ಕೆ ದುಡ್ಡು ಬೇಡವೇ ಬೇಡ ಅಂತ ಬರೆದು ಕಳಿಸಿದಾಳೆ. ತಿಂಗಳ ಕೊನೆ ತನಕ ನಾನು ಸುಮ್ನಿರ್ತೀನಿ. ಆಮೇಲೆ ಬೇರೆ ಹುಡುಗಿಗೆ ಹೋಗತ್ತೆ. ಮೊದಲು ಅವಳ ತಿಮಿರು ಇಳಿಸು.' ನಿನ್ನ ತಿಮಿರಿಗೆ ಅವನೇನು ಬಾಡಿಗೆ ಕಟ್ತಾನಾ ಅಂದೆ. ಅಂದೆ ನಿಜ, ಆದರೆ ಆಮೇಲೆ ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗಿದೆ.

ನಿನಗೆ ಈ ರೋಷ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾನು ಬೆಳಗಿಟ್ಟ ಪಾತ್ರೆಗೆ ಕೌಸಲ್ಯಮ್ಮ ಮತ್ತೆ ನೀರು ಚಿಮುಕಿಸಿ ಒಳಗೆ ತಗೊಳ್ತಿದ್ದಳು. ಚಿಕ್ಕವಳು ನೀನು, 'ಅಜ್ಜಿ, ನೀನು ತೊಳೆದರೆ ಕೊಳೆ ಹೋಗಲ್ವಾ?' ಅಂತ ಬೀದಿಗೆಲ್ಲ ಕೇಳೋ ಹಾಗೆ ಕೇಳಿದ್ದೆ. ಆಯಮ್ಮನ್ನ ನಾನು ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಈಗಲೂ ಹೊಟ್ಟೆ ಉರಿಯುತ್ತೆ. ಆದರೆ ಆ ಉರಿ ನಂದು ಕಣೇ. ಅದನ್ನ ನಿನ್ನ ಹೆಸರಿಗೆ ನಾನು ಉಯಿಲು ಬರೆದಿಲ್ಲ.

ಓದು ಬಿಟ್ಟು ಬಟ್ಟೆ ಅಂಗಡಿಗೆ ಸೇರ್ತೀನಿ ಅಂದೆಯಂತೆ. ಇಡೀ ದಿನ ನಿಂತುಕೊಂಡು ಕಂಡವರಿಗೆ ಸೀರೆ ಬಿಚ್ಚಿ ತೋರಿಸಿದರೆ ಸತ್ತ ಮುದುಕಿಗೆ ಅವಮಾನ ಆಗುತ್ತಾ? ಅವಳು ಬೂದಿಯಾಗಿ ಸುಖವಾಗಿದಾಳೆ. ಬದುಕಿರೋರು ನಾವು. ನನಗೆ ಜಗಳ ಆಡಿ ಆಡಿ ಸಾಕಾಗಿದೆ ಮಗಾ. ಅವಳ ಜೊತೆ ಆಡಿದ್ದಾಯಿತು, ನಿನ್ನ ಜೊತೆ ಆಡೋಕೆ ಉಸಿರಿಲ್ಲ. ಕಿಟ್ಟುಗೆ 'ದುಡ್ಡು ತಗೊಳ್ತೀನಿ' ಅಂತ ಒಂದು ಮಾತು ಹೇಳು, ಸಾಕು. ಕೈ ಮುಗಿಯಬೇಡ, ಥ್ಯಾಂಕ್ಸೂ ಹೇಳಬೇಡ.

ಹೊತ್ತು ಹೊತ್ತಿಗೆ ಉಣ್ಣು. ತಲೆಗೆ ಎಣ್ಣೆ ಹಾಕು. ನನಗಿಂತ ಹೆಚ್ಚು ಬಾಯಿ, ನನಗಿಂತ ಹೆಚ್ಚು ಆಯಸ್ಸು ನಿನಗಿರಲಿ.

ನಿನ್ನ ಅಜ್ಜಿ,
ಸಣ್ಣಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂತಿದ್ದೆ. ನಿನ್ನಮ್ಮ ಹತ್ತನೇ ಕ್ಲಾಸು ಚೆನ್ನಾಗಿ ಪಾಸು ಮಾಡಿದಾಗ ಅವಳನ್ನ ಕರ್ಕೊಂಡು ಹೋಗಿ, ಮುಂದೆ ಓದಿಸೋಕೆ ಸಹಾಯ ಮಾಡಿ ಅಂತ ಕೌಸಲ್ಯಮ್ಮನ್ನ ಕೇಳಿದ್ದೆ. 'ಓದಿ ಯಾವ ಕಚೇರಿ ಆಳಬೇಕು? ನಾಳೆಯಿಂದ ನಿನ್ನ ಜೊತೆ ಬರಲಿ' ಅಂದಳು. ನಂಜಮಣಿ ನಾಳೆ ತನಕ ಕಾಯಲಿಲ್ಲ. ಅಲ್ಲೇ ದಾವಣಿ ಸಿಕ್ಕಿಸಿ ಪಾತ್ರೆ ಬೆಳಗೋಕೆ ನನ್ನ ಪಕ್ಕ ಕೂತಳು. ಹಾಸಿಗೆ ಹಿಡಿದ ಮೇಲೆ ಒಂದು ದಿನ ಆ ಮುದುಕಿ, 'ನಿನ್ನ ಮಗಳು ಈಗೇನು ಮಾಡ್ತಾಳೆ?' ಅಂದಳು. 'ಸೀಗಡಿ ಸುಲೀತಾಳೆ' ಅಂದೆ. ಗೋಡೆ ಕಡೆ ತಿರುಗಿ ಮಲಗಿದಳು. ಮುಂದಿನ ವಾರ ಉಯಿಲು ಬರೆಸೋಕೆ ವಕೀಲರನ್ನ ಕರೆಸಿದಳು.

ನೀನು ಬೇಡ ಅಂದದ್ದು ನಿನ್ನಮ್ಮನಿಗಿನ್ನೂ ಗೊತ್ತಿಲ್ಲ. ನಿನ್ನೆ ಉಣ್ಣುತ್ತಾ ಕೇಳಿದಳು, 'ಅವ್ವಾ, ಕಾಲೇಜಿನ ಒಳಗೆ ನಮ್ಮಂಥವರನ್ನ ಬಿಡ್ತಾರಾ? ಪಾವನಾ ಕೂರೋ ಬೆಂಚು ಒಂದ್ಸಲ ನೋಡ್ಬೇಕು.' ಮುಂದಿನ ತಿಂಗಳು ನೀನೇ ಬಂದು ಅವಳನ್ನ ಕರ್ಕೊಂಡು ಹೋಗ್ತೀಯ ಅಂತ ಹೇಳಿಬಿಟ್ಟಿದೀನಿ.