ಅಳತೆ ಕೊಡುವಾಗ ಆಡಿದ ಮಾತು

೧೪ ಜೂನ್ ೧೯೮೨, ಸೋಮವಾರ

ಖಾಕಿ ಅಂಗಿ ಹನ್ನೊಂದು ಮುಗಿದವು. ಇನ್ನೂ ಇಪ್ಪತ್ತೊಂಬತ್ತು ಬಾಕಿ. ಕಾರ್ಖಾನೆಯವರು ಶನಿವಾರವೇ ಬೇಕು ಎಂದಿದ್ದಾರೆ. ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ಸೂಜಿಗೆ ದಾರ ಪೋಣಿಸುವುದೇ ಕಷ್ಟ. ಕಣ್ಣು ಮಂಜಾಗುತ್ತಿದೆಯೋ ಏನೋ. ಕಣ್ಣು ಹೋದರೆ ಟೈಲರ್ ಏನು ಮಾಡುವುದು...

ಮೂರು ಗಂಟೆಗೆ ನರಸಿಂಹಯ್ಯನವರು ಬಂದರು. ಚಿಕ್ಕಬೈರಪ್ಪ ಸಾಹೇಬರ ಜೊತೆ ಹದಿನೇಳು ವರ್ಷದಿಂದ ಇದ್ದಾರೆ. ಸಾಹೇಬರ ಬ್ಯಾಗು, ಮಾತ್ರೆ, ಕನ್ನಡಕ ಎಲ್ಲ ಇವರ ಕೈಯಲ್ಲೇ. ಸಾಹೇಬರು ಪೀಣ್ಯದಲ್ಲಿ ಯೂನಿಯನ್ ಕಟ್ಟಿದಾಗಲೂ, ಮಂತ್ರಿಯಾದ ಮೇಲೂ ಜುಬ್ಬ ಹೊಲಿಸಿದ್ದು ನನ್ನ ಹತ್ತಿರವೇ. ಅದೂ ಇವರ ಮಾತಿನಿಂದ.

"ಆವಲಪ್ಪ, ಕೋಟು ಹೊಲೀತೀಯೇನಪ್ಪ? ಕ್ಲೋಸ್ ಕಾಲರ್."

"ಯಾರಿಗೆ ಅಣ್ಣ, ಮದುವೆಗಾ?"

"ಸಾಹೇಬ್ರಿಗೆ ಕಣಯ್ಯ. ರಾಯಭಾರಿ ಮಾಡವ್ರೆ. ಫಾರಿನ್‌ಗೆ."

ಯಾವ ದೇಶ ಎಂದು ಎರಡು ಸಲ ಹೇಳಿದರು. ನಾಲಿಗೆಗೆ ಹತ್ತಲಿಲ್ಲ. ಚಳಿ ದೇಶ ಎನ್ನುವುದಷ್ಟೇ ತಲೆಯಲ್ಲಿ ನಿಂತಿತು. ಹಾಗಾದರೆ ಲೈನಿಂಗ್ ದಪ್ಪ ಹಾಕಬೇಕು.

ಇವರೂ ಜೊತೆಗೆ ಹೋಗುತ್ತಾರಂತೆ. ಪಾಸ್‌ಪೋರ್ಟ್‌ಗೆ ಫೋಟೋ ತೆಗೆಸಿದ್ದಾರೆ. ಜೇಬಿನಿಂದ ಒಂದು ತೆಗೆದು ತೋರಿಸಿದರು. "ನೋಡು, ಕಳ್ಳನ್ನ ಹಿಡ್ಕೊಂಡು ಕೂರ್ಸಿದಂಗೆ ಐತೆ" ಎಂದು ನಕ್ಕರು. ಅಷ್ಟು ಖುಷಿಯಾಗಿ ಇವರನ್ನು ನೋಡಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಸಾಹೇಬರ ಮನೆಯೇ ಇವರ ಮನೆ.

ನಾನು ಕೋಟು ಹೊಲಿದಿರುವುದು ನಾಲ್ಕೇ. ಎಲ್ಲ ಮದುಮಕ್ಕಳದ್ದು. ಆದರೂ ಒಪ್ಪಿಕೊಂಡುಬಿಟ್ಟೆ. ಈಗ ಹೆದರಿಕೆ.

೧೬ ಜೂನ್, ಬುಧವಾರ

ಅಳತೆಗೆ ಹೋಗಿದ್ದೆ. ಹೊರಗೆ ಹಾರ ಹಿಡಿದವರ ಜಾತ್ರೆ. ಒಳಗಿನ ಕೋಣೆಯಲ್ಲಿ ಸಾಹೇಬರು, ನಾನು, ನರಸಿಂಹಯ್ಯನವರು. ನಾನು ಅಳತೆ ಕೂಗುವುದು, ಅವರು ಬರೆದುಕೊಳ್ಳುವುದು.

ಎದೆ ಮೂವತ್ತೆಂಟು ಬಂತು. ನಂಬಿಕೆಯಾಗದೆ ಮತ್ತೆ ಟೇಪು ಹಿಡಿದೆ.

"ಯಾಕಯ್ಯ, ಕೂಡಿ ಬರಲ್ವಾ?"

"ಹೋದ ಸಲ ನಲವತ್ತಿತ್ತು ಸಾರ್."

"ಆ ಎರಡಿಂಚು ಡೆಲ್ಲೀಲಿ ಕಳ್ಕೊಂಡೆ" ಎಂದು ನಕ್ಕರು. ಆಮೇಲೆ ಗೋಡೆ ನೋಡುತ್ತಾ, ತಮಗೆ ತಾವೇ ಎನ್ನುವ ಹಾಗೆ — "ಹೋಗೋಕೆ ಇಷ್ಟ ಇಲ್ಲ ಕಣಯ್ಯ. ಇಲ್ಲಿದ್ರೆ ಡೆಲ್ಲಿಯೋರಿಗೆ ತೊಂದ್ರೆ. ಅದಕ್ಕೇ ಸಾಗಹಾಕ್ತಾ ಇದಾರೆ."

ನರಸಿಂಹಯ್ಯನವರ ಪೆನ್ನು ನಿಂತಿತು. ನಾನು "ತೋಳು ಇಪ್ಪತ್ತಮೂರೂವರೆ" ಎಂದೆ. ಬರೆದುಕೊಂಡರು.

ಅಳತೆ ಕೊಡುವಾಗ ಮನುಷ್ಯ ಕೈ ಎತ್ತಿ ನಿಂತಿರುತ್ತಾನೆ. ಏನೇನೋ ಬಾಯಿಗೆ ಬರುತ್ತದೆ. ಮಗಳ ಮದುವೆ ನಿಂತದ್ದು, ಕಾಯಿಲೆ ಮುಚ್ಚಿಟ್ಟದ್ದು... ಇಪ್ಪತ್ತಾರು ವರ್ಷದಲ್ಲಿ ಎಷ್ಟು ಕೇಳಿದ್ದೇನೆ. ಒಂದೂ ಅಂಗಡಿ ದಾಟಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಹನುಮಂತಯ್ಯ ಮಾಸ್ಟರ್ ಹತ್ತಿರ ಸೇರಿದಾಗ, ಅವರು ಕತ್ತರಿ ಹಿಡಿಯುವುದಕ್ಕಿಂತ ಮೊದಲು ಕಲಿಸಿದ್ದು ಇದನ್ನೇ.

೧೯ ಜೂನ್, ಶನಿವಾರ

ಇವತ್ತು ಬೇಗ ಅಂಗಡಿ ಮುಚ್ಚಿದೆ.

ಕೃಷ್ಣಪ್ಪ ಯೂನಿಫಾರಂ ತೆಗೆದುಕೊಂಡು ಹೋಗಲು ಬಂದಿದ್ದ. ಸಾಹೇಬರ ಯೂನಿಯನ್ನಿನ ಸೆಕ್ರೆಟರಿ. ಕಾರ್ಖಾನೆಯ ಹೊಲಿಗೆ ನನಗೆ ಸಿಗುವುದೇ ಅವನ ಕೈಯಿಂದ. ಅದೇ ಹೊತ್ತಿಗೆ ನಲ್ಲಪ್ಪ ಪ್ಯಾಂಟ್ ಉದ್ದ ಮಾಡಿಸಲು ಬಂದ. ಅವನು ಎದುರು ಯೂನಿಯನ್ನು. ಪೇಪರಿನಲ್ಲಿ ಸುದ್ದಿ ಬಂದಿತ್ತು.

"ನೋಡಿದ್ಯೇನ್ಲಾ ನಲ್ಲಪ್ಪ? ನಮ್ ಸಾಹೇಬ್ರು ಕಾರಿಗೆ ಬಾವುಟ ಕಟ್ಕಂಡು ಫಾರಿನ್ನಲ್ಲಿ ಓಡಾಡ್ತಾರೆ. ನಿಮ್ಮೋರು ಯಾರಾದ್ರೂ ಯಶವಂತಪುರ ದಾಟವ್ರಾ?"

"ಬಾವುಟ ಕಟ್ಟಿ ಕಳಿಸ್ತಿರೋದು ವಾಪಸ್ ಬರ್ದೇ ಇರ್ಲಿ ಅಂತ ಗುರು. ಜಾಸ್ತಿ ಮಾತಾಡೋ ಸೂಪರ್‌ವೈಸರ್‌ನ ಗೋಡೌನ್‌ಗೆ ಹಾಕಲ್ವಾ? ಅಂಗೆ. ಇದು ಪ್ರಮೋಷನ್ ಅಲ್ಲ, ಟ್ರಾನ್ಸ್‌ಫರ್."

"ಇಡೀ ಇಂಡಿಯಾ ಪರವಾಗಿ ಮಾತಾಡೋ ಕೆಲ್ಸ ಕಣೋ ಅದು!"

"ಪೀಣ್ಯದ ಪರವಾಗಿ ಮಾತಾಡಿದ್ದಾಯ್ತಾ? ಲಾಕೌಟಾಗಿ ನಲವತ್ತು ಜನ ಮನೇಲಿ ಕೂತವ್ರೆ. ಅವರ ಓಟು ತಗಂಡು ಇವರು ವಿಮಾನ ಹತ್ತೋದು, ನಾವು ಹಾರ ಹಾಕೋದು!"

ಕೃಷ್ಣಪ್ಪ ಅವನ ಕೊರಳಪಟ್ಟಿ ಹಿಡಿದ. ಪಕ್ಕದಲ್ಲೇ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ. ಯಾರ ಮೇಲೆ ಬೀಳುತ್ತದೋ ಎಂದು ಜೀವ ಬಾಯಿಗೆ ಬಂತು. ನಲ್ಲಪ್ಪ ಕೊಸರಿಕೊಂಡು "ಆವಲಪ್ಪನ್ನೇ ಕೇಳು! ಮೊನ್ನೆ ಅಳತೆಗೆ ಹೋಗ್ಬಂದವ್ನೆ. ನಿಮ್ ಸಾಹೇಬ್ರು ಖುಷಿಯಾಗವ್ರಾ ಇಲ್ವಾ, ಅವನೇ ಹೇಳ್ಲಿ" ಎಂದ.

ಇಬ್ಬರೂ ನನ್ನ ಮುಖ ನೋಡಿದರು. ಬೀದಿಯಲ್ಲಿ ನಿಂತವರೂ ನೋಡಿದರು.

"ಬಿಡ್ರಪ್ಪ, ಅವರಿಗೇ ಹೋಗೋಕೆ ಇಷ್ಟ ಇಲ್ವಂತೆ. ಸಾಗಹಾಕ್ತಾ ಇದಾರೆ ಅಂದ್ರು. ನೀವ್ಯಾಕೆ ಹೊಡೆದಾಡ್ತೀರ?"

ಜಗಳ ಅಲ್ಲಿಗೆ ನಿಂತಿತು. ಕೃಷ್ಣಪ್ಪ "ಸುಳ್ಳು ಬೊಗಳಬೇಡ" ಎಂದು ಗಂಟು ಎತ್ತಿಕೊಂಡು ಹೋದ. ನಂಬಲೇ ಇಲ್ಲ. ನಲ್ಲಪ್ಪ ಮಾತ್ರ ನಂಬಿದ. ಪ್ಯಾಂಟ್ ಬಿಟ್ಟೇ ಹೋದ.

ಜಗಳ ಬಿಡಿಸಲು ಹೇಳಿದೆ. ಹೌದು. ಆದರೆ... ಅಷ್ಟು ಜನ ನನ್ನ ಮಾತಿಗೆ ಕಾದು ನಿಂತದ್ದು ಜನ್ಮದಲ್ಲಿ ಅದೇ ಮೊದಲು. ಒಂದು ಕ್ಷಣ ಸುಖವಾಯಿತು. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ.

೨೪ ಜೂನ್, ಗುರುವಾರ

ಜಾಲಹಳ್ಳಿ ಕ್ರಾಸಿನಿಂದ ರಾಜಗೋಪಾಲನಗರದವರೆಗೆ ಗೋಡೆಗಳ ಮೇಲೆಲ್ಲ ಕರಪತ್ರ. ಹಳದಿ ಕಾಗದ. "ಹೋಗಲು ಇಷ್ಟವಿಲ್ಲ, ಸಾಗಹಾಕುತ್ತಿದ್ದಾರೆ — ಇದು ಬಡ್ತಿಯಲ್ಲ, ಗಡೀಪಾರು! ಚಿಕ್ಕಬೈರಪ್ಪನವರ ಬಾಯಿಂದಲೇ!" ಕೆಳಗೆ ನಲ್ಲಪ್ಪನ ಯೂನಿಯನ್ ಹೆಸರು.

ಅದೇ ಮಾತು. ಬರವಣಿಗೆಯ ಕನ್ನಡಕ್ಕೆ ತಿರುಗಿಸಿದ್ದಾರೆ, ಅಷ್ಟೇ.

ನಮ್ಮ ಗೋಡೆಯ ಮೇಲಿದ್ದದ್ದನ್ನು ನೀರು ಹಾಕಿ ಕೆರೆದೆ. ಅರ್ಧ ಬಂತು.

೨೬ ಜೂನ್, ಶನಿವಾರ

ಪೇಪರಿನಲ್ಲೂ ಬಂದಿದೆ. "ಆಪ್ತ ವಲಯದ ಪ್ರಕಾರ." ಡೆಲ್ಲಿಯಿಂದ ಸಾಹೇಬರಿಗೆ ಫೋನ್ ಬಂತಂತೆ. ಸರ್ಕಾರದ ನೇಮಕದ ಬಗ್ಗೆ ಹೀಗೆಲ್ಲ ಮಾತಾಡುವವರನ್ನು ಹೇಗೆ ಕಳಿಸುವುದು ಎಂದು ಬೈದರಂತೆ. ಸಾಹೇಬರು ತಾವು ಆ ಮಾತು ಆಡೇ ಇಲ್ಲ ಎಂದು ಬರೆದುಕೊಟ್ಟು ಉಳಿದುಕೊಂಡರಂತೆ.

ಆಮೇಲೆ ಸಾಹೇಬರ ಮನೆಯಲ್ಲಿ ವಿಚಾರಣೆ. ಯಾವತ್ತು ಆಡಿದ್ದು, ಯಾರಿದ್ದರು. ಕೃಷ್ಣಪ್ಪ ಬಂದು ತಾನೇ ಹೇಳಿದ — "ಕೋಣೇಲಿ ಇದ್ದೋನು ನರಸಿಂಹಯ್ಯ ಒಬ್ನೇ ಕಣೋ. ಅನ್ನ ಹಾಕಿದ ಮನೇಗೆ ಹಿಂಗಾ ಮಾಡೋದು? ಅವನ್ನ ಕರ್ಕೊಂಡು ಹೋಗಲ್ಲ ಅಂದ್ಬಿಟ್ರು ಸಾಹೇಬ್ರು. ಮನೇಗೂ ಬರ್ಬೇಡ ಅಂದವ್ರೆ."

"ನಾನೂ ಇದ್ನಲ್ಲಪ್ಪ" ಎಂದೆ. ಹೇಗೆ ಬಂತೋ ಬಾಯಿಗೆ.

"ನೀನು ಟೈಲರ್ರು ಬಿಡು" ಎಂದ. "ನೀನು ಅವತ್ತು ಅಂಗಡೀಲಿ ಬೊಗಳಿದ್ದೂ ಅವನ ಬಾಯಿಂದ ಕೇಳಿದ್ದೇ ತಾನೆ?"

ನಾನು ಇಲ್ಲ ಎನ್ನಲಿಲ್ಲ.

ಹೌದು ಎಂದೂ ಅನ್ನಲಿಲ್ಲ. ತಲೆ ತಗ್ಗಿಸಿ ಗುಂಡಿ ಹಚ್ಚಿದೆ. ಅದು ಹೌದು ಎಂದ ಹಾಗೇ ಅಲ್ಲವೇ.

೨ ಜುಲೈ, ಶುಕ್ರವಾರ

ಐದು ದಿನ ಬರೆಯಲಿಲ್ಲ. ಅನ್ನ ಸೇರುತ್ತಿಲ್ಲ. ಮನೆಯಲ್ಲಿ ಭಾಗ್ಯ ಏನಾಯಿತು ಎಂದು ಹಿಂದೆ ಬಿದ್ದಳು, ಹೇಳಿಬಿಟ್ಟೆ. ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಆಮೇಲೆ, "ಬಾಯಿ ಮುಚ್ಕೊಂಡಿರಿ ಕಣ್ರೀ. ಕೃಷ್ಣಪ್ಪನ ಕಡೆಯೋರಿಗೆ ಗೊತ್ತಾದ್ರೆ ಯೂನಿಫಾರಂ ಹೋಗ್ಲಿ, ಮಿಷನ್ನೂ ಬೀದೀಲಿ ಇರುತ್ತೆ. ಅವರಿಗೆ ಹೆಂಡ್ರೂ ಮಕ್ಕಳೂ ಇಲ್ಲ. ನಮಗೆ ಮೂರು ಹೆಣ್ಣು."

ಇವತ್ತು ಕೋಟಿನ ಟ್ರಯಲ್. ಇವತ್ತು ಸಾಹೇಬರಿಗೇ ಹೇಳುವುದು ಎಂದು ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡು ಹೋದೆ.

ಕಚ್ಚಾ ಹೊಲಿಗೆಯ ಕೋಟು ತೊಡಿಸಿದೆ. ಭುಜ ಸರಿ ಕೂತಿತು. ಬೆನ್ನಿನ ಹತ್ತಿರ ಸ್ವಲ್ಪ ಸಡಿಲ. ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ಚುಚ್ಚುತ್ತಿದ್ದೆ. ಸಾಹೇಬರು ಕನ್ನಡಿ ನೋಡುತ್ತಾ ಹೇಳಿದರು. "ಹದಿನೇಳು ವರ್ಷ ಕಣಯ್ಯ. ನಂಗೆ ಜ್ವರ ಬಂದ್ರೆ ಅವನು ಉಪವಾಸ ಇರ್ತಿದ್ದ. ಅಂಥೋನು... ಯಾರನ್ನ ನಂಬೋದು ಹೇಳು."

ಹೇಳು ಎಂದರು. ನನಗೇ ಹೇಳಿದ್ದು.

ಬಾಯಲ್ಲಿ ನಾಲ್ಕು ಸೂಜಿ ಇದ್ದವು. ತೆಗೆದು ಅಂಗೈಯಲ್ಲಿ ಇಟ್ಟುಕೊಳ್ಳಬಹುದಿತ್ತು. ಎರಡು ಸೂಜಿ ಸಾಕಾಗಿತ್ತು, ಇನ್ನೆರಡನ್ನು ಚುಚ್ಚಲು ಜಾಗವೇ ಇರಲಿಲ್ಲ. ಆದರೂ ಕಚ್ಚಿಕೊಂಡೇ ಇದ್ದೆ. "ಊಂ" ಎಂದೆ. ಅವರು ಕೋಟು ಬಿಚ್ಚಿಕೊಟ್ಟು ಹೊರಗೆ ಹೋಗುವವರೆಗೂ ಕಚ್ಚಿಕೊಂಡಿದ್ದೆ.

೫ ಜುಲೈ, ಸೋಮವಾರ

ಕೋಟಿನ ಗುಂಡಿಗೆ ಕಾಜಾ ಹೊಲಿಯುತ್ತಾ ಇದ್ದಾಗ ಥಟ್ಟನೆ ಹೊಳೆಯಿತು. ಇಷ್ಟು ದಿನ ನನ್ನ ಭಯದಲ್ಲೇ ಮುಳುಗಿ ಇದನ್ನು ಯೋಚಿಸಿಯೇ ಇರಲಿಲ್ಲ.

ಕೋಣೆಯಲ್ಲಿ ಆ ಮಾತು ಕೇಳಿಸಿಕೊಂಡದ್ದು ಇಬ್ಬರೇ. ತಾನು ಹೇಳಿಲ್ಲ ಎಂದು ನರಸಿಂಹಯ್ಯನವರಿಗೆ ಗೊತ್ತು.

ಹಾಗಾದರೆ ಯಾರು ಎನ್ನುವುದೂ ಗೊತ್ತು. ಮೊದಲ ದಿನದಿಂದ ಗೊತ್ತು.

ಸೂಜಿ ಬೆರಳಿಗೆ ಹೊಕ್ಕಿತು.

೧೧ ಜುಲೈ, ಭಾನುವಾರ

ಸಾಹೇಬರು ಹೊರಟರು. ಕೋಟು ಕೃಷ್ಣಪ್ಪ ಬಂದು ತೆಗೆದುಕೊಂಡು ಹೋಗಿದ್ದ. ತುಮಕೂರು ರೋಡಿನಿಂದ ನಮ್ಮ ಬೀದಿಯವರೆಗೆ ಬ್ಯಾಂಡು, ಪಟಾಕಿ, ಮೂರು ಲಾರಿ ಜನ. ನಲ್ಲಪ್ಪನ ಕಡೆಯವರು ಕಪ್ಪು ಬಟ್ಟೆ ತೋರಿಸಿದರು. ಅಂಗಡಿ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದೆ.

ಸಂದಿಯಿಂದ ನೋಡಿದೆ. ಎದುರು ಹೋಟೆಲಿನ ಪಕ್ಕ, ಜನರಿಂದ ದೂರ, ನರಸಿಂಹಯ್ಯನವರು ನಿಂತಿದ್ದರು. ಒಗೆದ ಬಿಳಿ ಅಂಗಿ. ಸಾಹೇಬರ ಕಾರು ಬಂದಾಗ ಕೈ ಮುಗಿದರು. ಕಾರು ನಿಲ್ಲಲಿಲ್ಲ. ಮೆರವಣಿಗೆಯಲ್ಲಿದ್ದವನೊಬ್ಬ ಇವರ ಕಾಲ ಬಳಿ ಉಗಿದು ಹೋದ. ಇವರು ಕೈ ಇಳಿಸಿ ಸ್ವಲ್ಪ ಪಕ್ಕಕ್ಕೆ ಸರಿದು ನಿಂತರು.

೧೩ ಜುಲೈ, ಮಂಗಳವಾರ

ಬಂದರು. ನರಸಿಂಹಯ್ಯನವರು. ಬೆಂಚಿನ ಮೇಲೆ ಕೂತರು. ಎದ್ದು ಬಾಗಿಲು ಮುಂದೆ ಮಾಡಿದೆ.

"ಅಣ್ಣಾ... ಅವತ್ತು..."

"ಗೊತ್ತಪ್ಪ."

"ಯಾಕೆ ನನ್ನ ಹೆಸರು ಹೇಳಲಿಲ್ಲ?"

"ಹೇಳೋಕೇ ಹೋಗಿದ್ದೆ. ಬಾಯೂ ತೆಗ್ದೆ. ಅಷ್ಟರಲ್ಲಿ ಸಾಹೇಬ್ರು, 'ಎಷ್ಟು ಕೊಟ್ರು ನಿಂಗೆ?' ಅಂದ್ರು. ಆ ಮಾತು ಕೇಳಿದ್ಮೇಲೆ ನಂಗೆ ಏನೂ ಹೇಳ್ಬೇಕು ಅನ್ನಿಸ್ಲಿಲ್ಲ."

ನಾನು ಅತ್ತೆ. ಅವರು ಟೇಪನ್ನು ಸುತ್ತುತ್ತಾ ಕೂತಿದ್ದರು. ಬೈದರೆ ಸಾಕಿತ್ತು. ಬೈಯಲಿಲ್ಲ.

ಏಳುವಾಗ ಜೇಬಿನಿಂದ ಒಂದು ಚೀಟಿ ತೆಗೆದು ಮಿಷನ್ ಮೇಲೆ ಇಟ್ಟರು. ಸಾಹೇಬರ ಫಾರಿನ್ ವಿಳಾಸ. ಇಂಗ್ಲಿಷಿನಲ್ಲಿ ಯಾರ ಹತ್ತಿರವೋ ಬರೆಸಿದ್ದು.

"ಒಂದು ಕಾಗದ ಬರಿ. ನರಸಿಂಹಯ್ಯ ಅಲ್ಲ ಅಂತ. ನಾನು ಬರೆದ್ರೆ ನಂಬಲ್ಲ. ಕೆಲ್ಸ ಗಿಲ್ಸ ವಾಪಸ್ ಬೇಡಪ್ಪ. ಅಷ್ಟು ದೂರ ಕೂತ್ಕೊಂಡು ಅವರು ನನ್ನ ಬಗ್ಗೆ ಅಂಗೆ ಅಂದ್ಕಂಡಿರೋದು ಬೇಡ."

ಬರೆಯುತ್ತೇನೆ ಎಂದೆ. ಇವತ್ತೇ ಎಂದೆ.

೧೦ ಆಗಸ್ಟ್, ಮಂಗಳವಾರ

ಬರೆದಿಲ್ಲ.

ಪೇಪರಿನಲ್ಲಿ ಫೋಟೋ. ಆ ದೇಶದ ದೊಡ್ಡವರ ಮುಂದೆ ಸಾಹೇಬರು, ನನ್ನ ಕೋಟಿನಲ್ಲಿ. ಕಾಲರ್ ನೆಟ್ಟಗೆ ನಿಂತಿದೆ. ಎಲ್ಲರೂ ಬಂದು ತೋರಿಸಿ ಹೋದರು.

ನಲ್ಲಪ್ಪನೂ ಬಂದ. "ಏನೇ ಅನ್ನು ಗುರು, ನಮ್ ಪೀಣ್ಯದೋನು ಅಲ್ಲಿ ನಿಂತವ್ನೆ ಅಂದ್ರೆ ಸುಮ್ನೇನಾ!" ಕೃಷ್ಣಪ್ಪ ಅಲ್ಲೇ ಟೀ ಕುಡಿಯುತ್ತಿದ್ದ. ಅವನೀಗ ಎಲೆಕ್ಷನ್‌ಗೆ ನಿಲ್ಲುವ ಹೊಸಬರ ಹಿಂದೆ ಓಡಾಡುತ್ತಿದ್ದಾನೆ. "ಹೋದೋರು ಹೋದ್ರು ಬಿಡ್ಲಾ. ಇಲ್ಲಿದ್ದಾಗ್ಲೂ ನಮಗೆ ಕಡಿದು ಗುಡ್ಡೆ ಹಾಕಿದ್ದು ಅಷ್ಟ್ರಲ್ಲೇ ಐತೆ" ಎಂದ. ಒಂದೇ ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದರು. ನಕ್ಕರು.

ಒಬ್ಬರನ್ನೊಬ್ಬರು ಕೊಲ್ಲಲು ಹೊರಟವರಿಗೆ ಎಲ್ಲ ಮರೆತೇ ಹೋಗಿದೆ. ನರಸಿಂಹಯ್ಯನವರನ್ನು ಮಾತ್ರ ಈಗಲೂ ಹೋಟೆಲಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಯಾಕೆ ಎಂದು ಅರ್ಧ ಜನಕ್ಕೆ ನೆನಪೂ ಇಲ್ಲ.

ದಿನಾ ಅಂಗಡಿ ಮುಂದೆ ಹೋಗುತ್ತಾರೆ. ಕಾಗದ ಏನಾಯಿತು ಎಂದು ಕೇಳುವುದಿಲ್ಲ. "ಊಟ ಆಯ್ತಾ ಆವಲಪ್ಪ?" ಅಷ್ಟೇ.

೧೫ ಆಗಸ್ಟ್, ಭಾನುವಾರ, ಸಂಜೆ ನಾಲ್ಕು

ನಾಳೆ ನರಸಿಂಹಯ್ಯನವರು ಹೂಡಿಗೆ ಹೋಗುತ್ತಾರಂತೆ. ತಂಗಿ ಬೈರಮ್ಮನ ಮನೆಗೆ. ಇನ್ನು ಈ ಕಡೆ ಬರುವುದಿಲ್ಲ. ಆರು ಗಂಟೆಗೆ ಹೇಳಿ ಹೋಗಲು ಬರುತ್ತಾರೆ. ಅಷ್ಟರೊಳಗೆ ಬರೆದು ಅವರ ಕೈಗೇ ಕೊಡಬೇಕು. ಅವರೇ ಓದಿ, ಅವರೇ ಅಂಚೆ ಡಬ್ಬಕ್ಕೆ ಹಾಕಲಿ.

ಭಾಗ್ಯ ಬಾವುಟದ ಕಾರ್ಯಕ್ರಮಕ್ಕೆ ಹೋದ ಮಕ್ಕಳನ್ನು ಕರೆತರಲು ಹೋಗಿದ್ದಾಳೆ. ಬೇಡ ಎನ್ನಲು ಯಾರೂ ಇಲ್ಲ.

ಮೊದಲು "ಬಾಯಿ ತಪ್ಪಿ" ಎಂದು ಬರೆದೆ. ಹೊಡೆದು ಹಾಕಿದೆ. ತಪ್ಪಿದ್ದಲ್ಲ. ಎರಡನೇ ಸಲ "ಜಗಳ ಬಿಡಿಸಲು" ಎಂದು. ಓದಿದರೆ ನಾನೇ ದೊಡ್ಡ ಮನುಷ್ಯ ಎನ್ನುವ ಹಾಗಿತ್ತು. ಹರಿದೆ. ಮೂರನೇ ಸಲ "ಯಾರೋ ಒಬ್ಬರು" ಎಂದು ಬಂತು. ಥೂ.

ಕಾಗದಕ್ಕಿಂತ ಮೊದಲು ಇಲ್ಲೇ ಸರಿಯಾಗಿ ಬರೆದುಕೊಂಡು ಆಮೇಲೆ ನೋಡಿ ಇಳಿಸುತ್ತೇನೆ. ನೆಪ ಒಂದೂ ಬೇಡ.

ಸನ್ಮಾನ್ಯ ಸಾಹೇಬರಿಗೆ ರಾಜಗೋಪಾಲನಗರದ ಟೈಲರ್ ಆವಲಪ್ಪ ಮಾಡುವ ನಮಸ್ಕಾರಗಳು. ನರಸಿಂಹಯ್ಯನವರು ಯಾರಿಗೂ ಏನೂ ಹೇಳಿಲ್ಲ. ಆವತ್ತು ತಾವು ಅಳತೆ ಕೊಡುವಾಗ ಆಡಿದ ಮಾತನ್ನು ಹೊರಗೆ ಹೇಳಿದ್ದು