ಪೂಜೆಗೆ ಕುಳಿತ ರಿಜಿಸ್ಟರು, ಹಾರಿಯೇ ಇಲ್ಲದ ವಿಮಾನ

ಮಾನ್ಯ ಮೈದಾನದ ಉಸ್ತುವಾರಿ ಅಧಿಕಾರಿಗಳೇ,

ಕಳೆದ ಆಯುಧಪೂಜೆಯ ದಿನ ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ತಮ್ಮ ಕಲ್ಲುಬಾರೆ ಮೈದಾನದಿಂದ ಒಂದು ವಿಮಾನ ಮೇಲೆದ್ದಿತು. ಎಂಟು ಇಪ್ಪತ್ತೊಂದಕ್ಕೆ ಅದೇ ಮೈದಾನದಲ್ಲಿ ಇಳಿಯಿತು. ಅದನ್ನು ಕಟ್ಟಿದವನೇ ಹಾರಿಸಿದ. ತಮ್ಮ ಕಚೇರಿಯ ಆದೇಶದ ಪ್ರಕಾರ ಇದು ಯಾವುದೂ ನಡೆದಿಲ್ಲ. ಹಾರಾಟ ನಡೆಯದ ಕಾರಣ ಪರವಾನಗಿ ರದ್ದು. ಪರವಾನಗಿ ರದ್ದಾದ ಕಾರಣ ವಿಮಾನವು ವಿಮಾನವಲ್ಲ, ಜಾಗ ಹಿಡಿದು ಕೂತಿರುವ "ಅನುಪಯುಕ್ತ ಲೋಹ". ಲೋಹವಾದ ಕಾರಣ ಬರುವ ಸೋಮವಾರ ಅದನ್ನು ಕತ್ತರಿಸಿ ಗುಜರಿಗೆ ಸಾಗಿಸಲಾಗುವುದು. ಎಷ್ಟು ಸಲೀಸಾದ ತರ್ಕ! ಅದು ಹಾರಿದ್ದನ್ನು ಕಣ್ಣಾರೆ ಕಂಡು ಬರೆದಿಟ್ಟ ನನ್ನ ಪುಸ್ತಕ ತಮ್ಮ ಬೀರುವಿನಲ್ಲೇ ಇದೆ. ತಮಗೆ ಖಾಸಗಿಯಾಗಿ ಕೊಟ್ಟ ಎರಡು ಅರ್ಜಿಗಳಿಗೆ ಉತ್ತರ ಬಾರದ್ದರಿಂದ ಈ ಮೂರನೆಯದನ್ನು ಊರಿನವರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ನಾನು ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ಸಂಚಾರ ನಿಯಂತ್ರಕನಾಗಿದ್ದವನು. ಬಂದ ಬಸ್ಸಿನ ನಂಬರು, ಬಂದ ಹೊತ್ತು, ಬಿಟ್ಟ ಹೊತ್ತು ಬರೆಯುವುದೇ ನನ್ನ ಕಸುಬು. ನಿವೃತ್ತಿಯಾದ ಮೇಲೆ ಒಂದು ದಿನ ಸಾಲಗಾಮೆಯ ನೆಂಟರ ಮನೆಗೆ ಹೋದವನು ತಲೆಯ ಮೇಲೆ ಒಂದು ಪುಟ್ಟ ವಿಮಾನ ಹತ್ತಿರದ ತಮ್ಮ ಮೈದಾನಕ್ಕೆ ಇಳಿಯುವುದನ್ನು ಕಂಡೆ. ಬಾಲದ ಮೇಲಿನ ಅಕ್ಷರಗಳನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಕೈ ಸುಮ್ಮನಿರಬೇಕಲ್ಲ. ಅಂದಿನಿಂದ ಎಂಟು ವರ್ಷ, ತಿಂಗಳಿಗೆ ಎರಡು ಸಲವಾದರೂ, ಹಾಸನದಲ್ಲಿ ಬಸ್ಸು ಬದಲಿಸಿ, ಬುತ್ತಿ ಕಟ್ಟಿಕೊಂಡು ತಮ್ಮ ಬೇಲಿಯ ಹೊರಗೆ ನಿಂತಿದ್ದೇನೆ. ದೊಡ್ಡ ವಿಮಾನಗಳ ಮೇಲೆ ನನಗೆ ಮೋಹವಿಲ್ಲ. ಒಂದು ಸೀಟಿನವು, ಎರಡು ಸೀಟಿನವು, ತರಬೇತಿಯವು, ಯಾರೋ ತಮ್ಮ ಕೈಯಾರೆ ಕಟ್ಟಿದವು, ಔಷಧಿ ಹೊಡೆಯುವ ಮೆಷಿನ್ನಿನಂತೆ ಸದ್ದು ಮಾಡುತ್ತ ಬರುವವು ಬೇಕು. "ಬಸ್ ಬುಟ್ರೂ ನಂಬ್ರಿನ ಉಚ್ಚು ಬುಡ್ನಿಲ್ವಲ್ಲ ನಿಮ್ಗೆ" ಎಂದು ನನ್ನ ಹೆಂಡತಿ ಸಣ್ಣಕ್ಕ ಛೇಡಿಸುತ್ತಾಳೆ. ಹುಚ್ಚೇ ಇರಲಿ, ಆದರೆ ಆ ಹುಚ್ಚಿಗೊಂದು ಕಟ್ಟುಪಾಡಿದೆ. ನನ್ನ ಕಣ್ಣಿಂದ ಓದದ ಅಕ್ಷರವನ್ನು ನಾನು ಬರೆಯುವುದಿಲ್ಲ.

ಆ ಕಟ್ಟುಪಾಡು ಎಲ್ಲಿಂದ ಬಂತೆಂದೂ ಹೇಳಿಬಿಡುತ್ತೇನೆ. ನೌಕರಿಗೆ ಸೇರಿದ ಹೊಸದರಲ್ಲಿ ಒಂದು ಸಂಜೆ, ಹಳೇಕೋಟೆ ಕಡೆಯ ಬಸ್ಸು ಹಿಂದೆಯೇ ಬರುತ್ತಿದೆ ಎಂದು ಇನ್ನೊಂದು ಬಸ್ಸಿನ ಕಂಡಕ್ಟರ್ ಹೇಳಿದ. ಮಳೆ ಬರುತ್ತಿತ್ತು. ನಾನು ಎದ್ದು ನೋಡದೆ "ಬಂದಿದೆ" ಎಂದು ಬರೆದೆ. ಆ ಬಸ್ಸು ಆಕ್ಸಲ್ ಮುರಿದುಕೊಂಡು ರಸ್ತೆಯಲ್ಲಿ ನಿಂತಿತ್ತು. ಪುಸ್ತಕದಲ್ಲಿ ಬಂದಿದೆ ಎಂದಿದ್ದರಿಂದ ಯಾರೂ ಹುಡುಕಿ ಹೋಗಲಿಲ್ಲ. ದಿನ ತುಂಬಿದ ಒಬ್ಬ ಬಸುರಿ ಮೂರು ಮೈಲಿ ಮಳೆಯಲ್ಲಿ ನಡೆದು ಬಂದಳು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ನನಗೆ ಒಂದು ಮೆಮೋ ಬಂತು, ಅಷ್ಟೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬುದ್ಧಿಯನ್ನು ನಾನು ಅವತ್ತೇ ಬಿಟ್ಟೆ.

ಈಗ ದೇವರಾಜನ ವಿಷಯಕ್ಕೆ ಬರುತ್ತೇನೆ. ಚನ್ನರಾಯಪಟ್ಟಣದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ದೇವರಾಜ್ ಮೊದಲು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಹಾರಿಸುವುದನ್ನೂ ಕಲಿತು ಲೈಸೆನ್ಸ್ ತೆಗೆದುಕೊಂಡವನು. ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕೂತು, ಅಲ್ಯೂಮಿನಿಯಂ ಕೊಳವೆಗೆ ಕೊಳವೆ ಸೇರಿಸಿ, ರೆಕ್ಕೆಗೆ ಬಟ್ಟೆ ಬಿಗಿದು, ಒಬ್ಬರೇ ಕೂರುವ ವಿಮಾನ ಕಟ್ಟಿದ. ಎಂಜಿನ್ ಒಂದು ಬಿಟ್ಟು ಮಿಕ್ಕದ್ದೆಲ್ಲ ಅವನ ಕೈಯದೇ. ಮೇಲಿನ ಕಚೇರಿಯವರು ಬಂದು ಒಂದೊಂದು ಬೋಲ್ಟನ್ನೂ ತಿರುಗಿಸಿ ನೋಡಿ ಪರವಾನಗಿ ಕೊಟ್ಟರು. ಷರತ್ತು ಎರಡೇ: ಇಂಥ ದಿನದೊಳಗೆ ಮೊದಲ ಹಾರಾಟ ಆಗಬೇಕು, ಅದು ಮೈದಾನದ ರಿಜಿಸ್ಟರಿನಲ್ಲಿ ನಮೂದಾಗಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಮಾತು ನಿಜವಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಗಾಳಿ ಚೆನ್ನಾಗಿದ್ದ ಹನ್ನೊಂದು ದಿನ, ಮೈದಾನ ಬಳಸಲು ಬೇಕಾದ ತಮ್ಮ ಒಂದು ಸಹಿಗಾಗಿ ಕಾಯುತ್ತ ಕಳೆದವು. ಸಹಿ ಬಿದ್ದಾಗ ಉಳಿದದ್ದು ಗಡುವಿನ ಕೊನೆಯ ದಿನ, ಅಂದರೆ ಆಯುಧಪೂಜೆ.

ಆ ದಿನ ತಾವು ಹಬ್ಬಕ್ಕೆ ಊರಿಗೆ ಹೋಗಿದ್ದಿರಿ. ಅದು ತಪ್ಪೆಂದು ನಾನು ಹೇಳುವುದಿಲ್ಲ, ಹಬ್ಬ ಎಲ್ಲರಿಗೂ ಹಬ್ಬವೇ. ಕಚೇರಿಯಲ್ಲಿದ್ದವನು ಗುಮಾಸ್ತ ಪುಟ್ಟಸ್ವಾಮಿ ಒಬ್ಬನೇ. ಅವನು ಮೇಜು, ಬೀರು, ವಯರ್‌ಲೆಸ್ ಪೆಟ್ಟಿಗೆ ಎಲ್ಲಕ್ಕೂ ಕುಂಕುಮವಿಟ್ಟು, ರಿಜಿಸ್ಟರನ್ನೂ ಪೆನ್ನನ್ನೂ ಪಟದ ಮುಂದೆ ಇಟ್ಟು, ಹೂ ಏರಿಸಿದ್ದ. ಇತ್ತ ಮೈದಾನದ ಅಂಚಿನಲ್ಲಿ ದೇವರಾಜನ ತಾಯಿ ಲಕ್ಕಮ್ಮ ಮಗನ ವಿಮಾನಕ್ಕೆ ಪೂಜೆ ಮಾಡಿದರು. ಸೇವಂತಿಗೆ ಹಾರ ಹಾಕಿದರು, ಮೂರು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು, ಬೂದುಗುಂಬಳ ಒಡೆದರು. ಆಮೇಲೆ ಬಾಲದ ಎರಡೂ ಬದಿಗೆ ಅಂಗೈ ತುಂಬ ಗಂಧ ಬಳಿದರು. ಐದು ನೋಂದಣಿ ಅಕ್ಷರಗಳು ಇದ್ದದ್ದು ಅಲ್ಲಿಯೇ. ಹಾರುವ ಮೊದಲು ಹಾರ ತೆಗೆದರು. ಗಂಧ ಒರೆಸಲು ಮಾತ್ರ ಅಜ್ಜಿ ಬಿಡಲಿಲ್ಲ. ಒರೆಸಿ ಎಂದು ನಾನು ಬೇಲಿಯಾಚೆಯಿಂದ ಕೂಗಬಹುದಿತ್ತು. ತಾಯಿ ಕೈ ಇಟ್ಟದ್ದನ್ನು ಒರೆಸಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಹಾರಿತು, ಸ್ವಾಮಿ. ಮೊದಲು ಮೂರು ಸಲ ನೆಲಕ್ಕೆ ತಾಗಿ ತಾಗಿ ಎದ್ದಿತು. ಆಮೇಲೆ ತಾಗಲಿಲ್ಲ. ಎರಡು ಸುತ್ತು ಬಂದು ಇಳಿಯಿತು. ದೇವರಾಜ್ ಕೆಳಗಿಳಿದು ತಾಯಿಯ ಕಾಲು ಹಿಡಿದುಕೊಂಡು ಅತ್ತ. ನಾನೂ ಅತ್ತೆ, ಅತ್ತುಕೊಂಡೇ ಬರೆದೆ. ಪುಟ್ಟಸ್ವಾಮಿ ಬೇಲಿಯ ಹತ್ತಿರ ಬಂದು ನನಗೂ ಒಂದು ಹಿಡಿ ಕಡಲೆಪುರಿ ಕೊಟ್ಟ. "ಬರ್ಕೊಂಡ್ರಾ?" ಎಂದು ಕೇಳಿದೆ. "ಪೂಜೆಗಿಟ್ಟಿರೋ ಪುಸ್ತಕ ಸಾ, ಇವತ್ತು ಮುಟ್ಟಂಗಿಲ್ಲ. ಅಬ್ಬ ಮುಗೀಲಿ, ಬರುದ್ರಾಯ್ತು" ಎಂದ. ನಮ್ಮ ಮನೆಯಲ್ಲಿ ಬುದ್ಧನ ಪಟ ಬಂದ ಮೇಲೆ ಆ ಪೂಜೆ ಬಿಟ್ಟು ಬಹಳ ವರ್ಷವಾಯಿತು. ಹಾಗಾಗಿ ಅವತ್ತು ಆ ಮೈದಾನದ ಸುತ್ತ ಕೆಲಸ ಮಾಡಿದ ಪೆನ್ನು ನನ್ನದೊಂದೇ.

ಹಬ್ಬ ಮುಗಿಯಿತು, ರಿಜಿಸ್ಟರು ಪಟದ ಮುಂದಿನಿಂದ ಎದ್ದಿತು, ಪುಟ್ಟಸ್ವಾಮಿ ಬರೆಯಲಿಲ್ಲ. ಹಿಂದಿನ ತಾರೀಖಿನಲ್ಲಿ ಬರೆದರೆ ದಾಖಲೆ ತಿದ್ದಿದಂತಾಗುತ್ತದೆ ಎಂದು ತಾವು ತಡೆದಿರಂತೆ. ಬಹಳ ಒಳ್ಳೆಯದು, ದಾಖಲೆ ತಿದ್ದಬಾರದು. ದೇವರಾಜ್ ನನ್ನನ್ನು ಸಾಕ್ಷಿಗೆ ಕರೆತಂದ. ನಾನು ಪುಸ್ತಕವನ್ನು ತಮ್ಮ ಮೇಜಿನ ಮೇಲೆ ಬಿಚ್ಚಿಟ್ಟೆ. ತಾವು ಹಾಳೆ ತಿರುವಿ, ವಿಮಾನಗಳ ಓಡಾಟದ ವಿವರ ಕಲೆ ಹಾಕಿರುವುದು ಭದ್ರತೆಯ ವಿಷಯ ಎಂದು ಪುಸ್ತಕವನ್ನೇ ಇಟ್ಟುಕೊಂಡಿರಿ. ಆಮೇಲೆ ಹೊರಡಿಸಿದ ಆದೇಶದಲ್ಲಿ ಅದೇ ಪುಸ್ತಕ "ಹವ್ಯಾಸಿಯೊಬ್ಬರ ಗೀಚು, ದಾಖಲೆಯೆನಿಸದು" ಎಂದಾಯಿತು. ಗೀಚಾದರೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇಕೆ? ದೇಶಕ್ಕೆ ಅಪಾಯ ತರುವಷ್ಟು ನಿಖರವಾದ ವಿವರವಾದರೆ ಒಂದು ಹಾರಾಟವನ್ನು ಸಾಬೀತು ಮಾಡಲು ಅದಕ್ಕೆ ಶಕ್ತಿ ಇಲ್ಲದೇ ಹೋಯಿತೆ? ದೂರದಿಂದ ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದರೆ ಅಕ್ಷರ ಕಾಣುತ್ತಿಲ್ಲ, ಯಾವ ವಿಮಾನವೋ ಎಂದಿರಿ. ಹದ್ದು ಎನ್ನಲಿಲ್ಲವಲ್ಲ, ಅದು ತಮ್ಮ ಉದಾರತೆ.

ನನ್ನ ಪುಸ್ತಕದ ಆ ಸಾಲನ್ನು ತಾವು ಓದಿದ್ದೀರಿ. ಓದುಗರಿಗಾಗಿ ನೆನಪಿನಿಂದ ಬರೆಯುತ್ತೇನೆ: "8.12ರಿಂದ 8.21. ಒಂದು ಸೀಟು. ಬಿಳಿ ಬಟ್ಟೆಯ ರೆಕ್ಕೆ. ಚನ್ನರಾಯಪಟ್ಟಣದ ದೇವರಾಜ್. ಅಕ್ಷರ ಗಂಧದ ಅಡಿ, ಓದಲಾಗಲಿಲ್ಲ." ಆ ಅಕ್ಷರಗಳು ನನಗೆ ಬಾಯಿಪಾಠ. ಶೆಡ್ಡಿನಲ್ಲಿ ಅವನ್ನು ಬರೆಯುವಾಗ ಬಣ್ಣದ ಡಬ್ಬ ಹಿಡಿದುಕೊಂಡವನೇ ನಾನು. ಆದರೂ ಅವತ್ತು ಓದಲಾಗಲಿಲ್ಲ, ಆದ್ದರಿಂದ ಬರೆಯಲಿಲ್ಲ.

ಆದೇಶಕ್ಕೆ ನಾಲ್ಕು ದಿನ ಮುಂಚೆ ಪುಟ್ಟಸ್ವಾಮಿ ನನ್ನನ್ನು ಕರೆಸಿ, ಬಾಗಿಲು ಮುಂದಕ್ಕೆ ಮಾಡಿ, ಬೀರುವಿನಿಂದ ತೆಗೆದ ನನ್ನ ಪುಸ್ತಕವನ್ನೂ ಒಂದು ಪೆನ್ನನ್ನೂ ಮುಂದಿಟ್ಟ. "ಐದಕ್ಸರ ಬರ್ದ್ಬುಡಿ ಸಾ. ಸಾಯೇಬ್ರೇ ಏಳವ್ರೆ, ನಂಬ್ರಿದ್ರೆ ಒಪ್ಕೊತೀನಿ ಅಂತ. ಯಾರ್ ನೋಡ್ಬಂದಾರು?" ಎಂದ. ಪಕ್ಕದಲ್ಲಿ ದೇವರಾಜ್ ಕೂತಿದ್ದ, ನನ್ನ ಕೈಯನ್ನೇ ನೋಡುತ್ತಿದ್ದ. ಅತ್ತ ದರಿ, ಇತ್ತ ಪುಲಿ. ನಾನು ಪೆನ್ನು ತೆಗೆದುಕೊಂಡೆ. ಮಳೆಯಲ್ಲಿ ನಡೆದು ಬಂದ ಆ ಹೆಂಗಸು ನೆನಪಾದಳು. ಪೆನ್ನು ಕೆಳಗಿಟ್ಟೆ. ದೇವರಾಜ್ ಎದ್ದು, "ದ್ಯಾವಯ್ಯಣ್ಣ, ನಿಮ್ ಸತ್ಯ ನನ್ ಅನ್ನೊಂದ್ ವರ್ಸಕ್ಕಿಂತ ದೊಡ್ದಾಯ್ತಾ?" ಎಂದು ಕೇಳಿ ಹೊರಟುಹೋದ. ಅಂದಿನಿಂದ ಅವನು ನನ್ನೊಡನೆ ಮಾತಾಡಿಲ್ಲ. ತಾವು ಕರುಣೆಯಿಂದ ಹಾಗೆ ಹೇಳಿ ಕಳಿಸಿದಿರೋ, ನನ್ನನ್ನು ಸುಳ್ಳನೆಂದು ಹಿಡಿಯಲು ಕಳಿಸಿದಿರೋ ನನಗೆ ತಿಳಿಯದು. ಒಂದು ಮಾತ್ರ ಕೇಳುತ್ತೇನೆ. ನಡೆದದ್ದನ್ನು ತಮ್ಮ ಪುಸ್ತಕದಲ್ಲಿ ತಡವಾಗಿ ಬರೆದರೆ ತಿದ್ದುಪಡಿ. ಕಾಣದ್ದನ್ನು ನನ್ನ ಪುಸ್ತಕದಲ್ಲಿ ತಡವಾಗಿ ಬರೆದರೆ ಪುರಾವೆ. ಇದು ಯಾವ ನಿಯಮ?

ಹೋದ ವಾರ ಲಕ್ಕಮ್ಮನವರನ್ನು ನೋಡಲು ಹೋಗಿದ್ದೆ. ದೇವರಾಜ್ ಒಳಗಿದ್ದೂ ಹೊರಗೆ ಬರಲಿಲ್ಲ. ಅಜ್ಜಿ ನನ್ನ ಎದುರು ಎರಡೂ ಅಂಗೈ ಚಾಚಿ, "ಈ ಕೈಯಾಗೆ ಗಂದ ಬಳ್ದು ನನ್ ಮಗನ್ ಇಮಾನ ನಾನೇ ಆಳ್ಮಾಡ್ಬುಟ್ನೇನಪ್ಪಾ?" ಎಂದರು. ಇಲ್ಲ ಕಣಮ್ಮ ಎಂದೆ. ಅವರು ನಂಬಲಿಲ್ಲ. ಎಪ್ಪತ್ತೆಂಟು ವರ್ಷದ ಆ ಹೆಂಗಸು ಈಗ ದೇವರಿಗೂ ಗಂಧ ತೇಯುವುದನ್ನು ಬಿಟ್ಟಿದ್ದಾರೆ. ತಮ್ಮ ಆದೇಶದ ಪ್ರತಿಗಳು ಯಾರ‍್ಯಾರಿಗೆ ಹೋದವೆಂಬ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಆದರೆ ಶಿಕ್ಷೆ ಮುಟ್ಟಿರುವುದು ಅವರಿಗೆ. ನನಗೆ ತಮ್ಮ ಮೇಲೆ ಸಿಟ್ಟಿದೆ. ನನ್ನ ಮೇಲೂ ಇದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನನ್ನ ಮಾತನ್ನು ನಂಬಬೇಡಿ, ನನ್ನ ಪುಸ್ತಕವನ್ನೂ ನಂಬಬೇಡಿ. ಕತ್ತರಿಸುವ ಮೊದಲು ಆ ವಿಮಾನವನ್ನು ಒಂದೇ ಒಂದು ಸಲ ಹಾರಲು ಬಿಡಿ. ತಾವೇ ಎದುರಿಗೆ ನಿಂತು ನೋಡಿ. ಅನುಪಯುಕ್ತ ಲೋಹವಾದರೆ ಅದು ನೆಲ ಬಿಟ್ಟು ಏಳುವುದಿಲ್ಲ, ತಾವು ಗೆದ್ದಿರಿ. ಕತ್ತರಿ ಹಿಡಿದವರು ಪಕ್ಕದಲ್ಲೇ ಇರಲಿ. ಎದ್ದರೆ ತಮ್ಮ ರಿಜಿಸ್ಟರನ್ನು ತೆರೆದು, ತಮ್ಮ ಕೈಯಿಂದಲೇ ಬರೆಯಿರಿ.

ಹೇಗೇ ಆದರೂ ಸೋಮವಾರ ಬೆಳಿಗ್ಗೆ ನಾನು ಬೇಲಿಯ ಹೊರಗೆ ಇರುತ್ತೇನೆ. ಹಾರಿದರೆ ಬರೆದುಕೊಳ್ಳುತ್ತೇನೆ. ಕತ್ತರಿಸಿದರೂ ಬರೆದುಕೊಳ್ಳುತ್ತೇನೆ: ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಮುಗಿಯಿತು, ಬಾಲದ ಮೇಲಿನ ಐದು ಅಕ್ಷರಗಳು ಯಾವುವು. ಅವತ್ತು ಅವು ಚೆನ್ನಾಗಿ ಕಾಣುತ್ತವೆ, ಓದಲು ಅಡ್ಡಿಯಿಲ್ಲ. ಯಾರ ಅಪ್ಪಣೆಯ ಮೇರೆಗೆ ಎಂಬ ಕಾಲಂ ನನ್ನ ಪುಸ್ತಕದಲ್ಲಿ ಈವರೆಗೆ ಇರಲಿಲ್ಲ. ಹೊಸ ಪುಸ್ತಕ ಕೊಂಡು, ಅದಕ್ಕೂ ಗೆರೆ ಹಾಕಿಟ್ಟಿದ್ದೇನೆ.

ಇಂತಿ,
ತಮ್ಮ ಆದೇಶದ ಪ್ರಕಾರ ಏನನ್ನೂ ನೋಡದೇ ಇರುವ
ದ್ಯಾವಯ್ಯ
ನಿವೃತ್ತ ಸಂಚಾರ ನಿಯಂತ್ರಕ, ಹೊಳೆನರಸೀಪುರ