ಒಂಬತ್ತು ಪುಟಗಳ ಮಗ್ಗಿ

ಮಂಗಳೂರು, ಫೆಬ್ರುವರಿ ೧೧, ೨೩೧೮

ನಿಮ್ಮ ಕಾಲದ ಗ್ರಂಥ ಸಂಪಾದಕರಿಗೆ, ಎಲೀಶ ಕರ್ಕಡನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಇದಕ್ಕೆ ಉತ್ತರ ಬರುವುದಿಲ್ಲ. ಹಾಗಾಗಿಯೇ ನನ್ನಂಥ ಹೇಡಿಗಳಿಗೆ ಇದು ಇಷ್ಟ.

ಜರ್ಮನಿಯ ನದಿಗಳು ಊರೊಳಗೆ ನುಗ್ಗಿದಾಗ ಅಲ್ಲಿನ ಹಳೆಯ ಕವಿಗಳ ಹಸ್ತಪ್ರತಿಗಳು ಹಡಗೇರಿ ನಮ್ಮ ಗುಡ್ಡದ ಗ್ರಂಥಮನೆಗೆ ಬಂದವು. ನಾನು ಅವುಗಳ ಸಂಪಾದಕ. ಯಂತ್ರಗಳು ಹಳೆಯ ಪಠ್ಯಗಳಿಗೆ ತಮ್ಮ ಊಹೆ ಬೆರೆಸಿ ಕೆಡಿಸಿದ ಮೇಲೆ, ಮನುಷ್ಯರ ಕಣ್ಣೇ ನೋಡಿ ಸಿದ್ಧಪಡಿಸಿದ ಪುಸ್ತಕಕ್ಕೆ ಮಾತ್ರ ಇಲ್ಲಿ ಬೆಲೆ. ಅದಕ್ಕೆ ಕಣ್ಣೋಲೆ ಎನ್ನುತ್ತೇವೆ. ಕೆಲಸದ ಕ್ರಮಕ್ಕೆ ಜೋಡಿಯೋದು ಎಂದು ಹೆಸರು: ಒಬ್ಬರು ಹಸ್ತಪ್ರತಿಯನ್ನು ಅಲ್ಪವಿರಾಮವೂ ಬಿಡದೆ ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತವರು ಅಚ್ಚಿನ ಪುಟದ ಮೇಲೆ ಬೆರಳಿಟ್ಟು ತಾಳೆ ನೋಡಬೇಕು. ಪ್ರತಿ ಪುಟಕ್ಕೂ ಇಬ್ಬರ ಸಹಿ. ನಾನು ಓದುವವನು, ರೆಬೆಕ್ಕ ಸೋನ್ಸ್ ತಾಳೆ ನೋಡುವವರು. ಮೂವತ್ತೊಂದು ವರ್ಷ ಹೀಗೇ ಕೂತೆವು. ಮಧ್ಯಾಹ್ನ ಅವರ ಬುತ್ತಿಯ ನೀರುದೋಸೆಯಲ್ಲಿ ನನಗೂ ಪಾಲಿತ್ತು.

ಕೊನೆಯ ಸಂಪುಟದ ಹೊತ್ತಿಗೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹಿಂದಿನಿಂದ ಕರೆದರೆ ತಿರುಗುತ್ತಲೇ ಇರಲಿಲ್ಲ. ಆದರೂ ಎದುರಿಗೆ ಕೂತು ಬೆರಳು ಓಡಿಸುತ್ತಿದ್ದರು. ಕೆಲಸ ಹೋದೀತೆಂದು ನಟಿಸುತ್ತಿದ್ದಾರೆ ಎಂದುಕೊಂಡೆ. ಒಂದು ಮಧ್ಯಾಹ್ನ ಗಂಟಲು ನೋಯುತ್ತಿತ್ತು. ಕೇಳದವರಿಗೆ ಯಾಕೆ ಓದಬೇಕೆಂದು ಹಾಳೆ ತಿರುಗಿಸುತ್ತಾ ಬರೀ ತುಟಿಯಲ್ಲಿ ಹದಿನೇಳರ ಮಗ್ಗಿ ಹೇಳಿದೆ. ಒಂಬತ್ತು ಪುಟ. ಅವರು ಸಹಿ ಹಾಕಿದರು, ನಾನೂ ಹಾಕಿದೆ.

ಪುಸ್ತಕ ಹೊರಬಂದ ಮೇಲೆ ನೋಡಿದರೆ ಆ ಪುಟಗಳಲ್ಲಿ ಒಂದು ಇಡೀ ಪದ್ಯ ಬಿಟ್ಟುಹೋಗಿತ್ತು. ಗ್ರಂಥಮನೆಯ ಸಮಿತಿ ವಿಚಾರಣೆಗೆ ಕೂತಿತು. ಅಚ್ಚಿನ ಪುಟ ತಾಳೆ ನೋಡುವವರದೇ ಹೊಣೆ ಎಂಬುದು ನಿಯಮ. ಕಿವುಡಿ ಕೂತು ಕೆಡಿಸಿದಳು ಎಂದು ತೀರ್ಮಾನಿಸಿ ಎಲ್ಲ ಸಂಪುಟಗಳಿಂದಲೂ ಅವರ ಹೆಸರು ತೆಗೆದರು. ನಾನು ಅದೇ ಕೋಣೆಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ನನ್ನ ಹೆಸರು ಉಳಿಯಿತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆ ಸಂಪುಟಗಳಿಗಾಗಿ ಗ್ರಂಥಮನೆ ನನಗೆ ಸನ್ಮಾನ ಇಟ್ಟಿದೆ. ಹೋದ ವಾರ ಅದರ ಕರೆಯೋಲೆ ಹಿಡಿದು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ನಗುತ್ತಲೇ ಹೇಳಿದರು: "ಅವತ್ತು ನೀವು ಮಗ್ಗಿ ಹೇಳಿದ್ದು ನನಗೆ ಗೊತ್ತುಂಟು ಮಾರಾಯ್ರೆ. ಎಷ್ಟೋ ವರ್ಷದಿಂದ ನಿಮ್ಮ ತುಟಿ ನೋಡಿಯೇ ಅಲ್ವಾ ನಾನು ಕೆಲಸ ಮಾಡಿದ್ದು? ನಿಮಗೆ ಹುಷಾರಿಲ್ಲ, ಆ ಪುಟಗಳನ್ನು ಮನೆಗೆ ಕೊಂಡುಹೋಗಿ ಓದ್ತೀರಿ ಅಂತ ಎಣಿಸಿ ಸಹಿ ಹಾಕಿದೆ."

ಸಮಿತಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಹೇಳುತ್ತೀರಿ ಅಂತ ಕಾದೆ ಎಂದರು.

ಸನ್ಮಾನ ನಾಳೆ ಹತ್ತು ಗಂಟೆಗೆ. ಮೂರು ಶತಮಾನದಾಚೆ ಇರುವ, ಮುಖವೇ ಕಾಣದ ನಿಮಗೆ ಇಷ್ಟೆಲ್ಲ ಬರೆದೆ. ಸಮಿತಿಗೆ ಇನ್ನೂ ಒಂದು ಸಾಲೂ ಬರೆದಿಲ್ಲ. ಕಾಗದ ಇನ್ನೂ ಉಳಿದಿದೆ. ನಿಮಗೆ ಬರೆಯುವುದನ್ನು ಇಲ್ಲಿಗೆ ಮುಗಿಸಿ ಸಮಿತಿಗೆ ಶುರುಮಾಡುತ್ತೇನೆ.

ಎಲೀಶ ಕರ್ಕಡ